ಹೀಟರ್ ಹೋಸ್ ಒಡೆಯುವವರೆಗೆ ಕಾಯಬೇಡಿ

ಹಳೇ ಕಾರು ಇಟ್ಟುಕೊಂಡವರು ಆಯಿಲ್ ನೋಡುತ್ತಾರೆ, ಟೈರಿಗೆ ಗಾಳಿ ಹೊಡೆಸುತ್ತಾರೆ. ಹೀಟರ್ ಹೋಸ್, ಅಂದರೆ ಎಂಜಿನ್ನಿಗೂ ಕಾರಿನ ಹೀಟರಿಗೂ ನಡುವೆ ಇರುವ ಎರಡು ರಬ್ಬರ್ ಪೈಪುಗಳ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. 'ನಾನು ಹೀಟರ್ ಹಾಕೋದೇ ಇಲ್ಲ, ಅದರ ಗೊಡವೆ ಯಾಕೆ' ಅನ್ನುವವರೂ ಇದ್ದಾರೆ. ನೀವು ಹಾಕದಿದ್ದರೂ ಬಹಳಷ್ಟು ಕಾರುಗಳಲ್ಲಿ ಎಂಜಿನ್ನಿನ ಬಿಸಿ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಆ ಎರಡು ಪೈಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಒಂದು ಬಾಯಿಬಿಟ್ಟರೆ ಸಾಕು, ಕೂಲಂಟೆಲ್ಲ ರಸ್ತೆಪಾಲು. ಅದನ್ನು ಗಮನಿಸದೆ ಓಡಿಸಿದರೆ ಎಂಜಿನ್ ಮಿತಿಮೀರಿ ಕಾದು, ಅದರ ತಲೆಭಾಗ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಒಂದು ರಬ್ಬರ್ ಪೈಪಿನ ಉಳಿತಾಯಕ್ಕೆ ಎಂಜಿನ್ ಬಿಚ್ಚಿಸುವುದು ಯಾವ ಲೆಕ್ಕ?

ಹೋಸ್ ಹೊರಗಿನಿಂದ ಮಾತ್ರ ಹಾಳಾಗುತ್ತದೆ ಅಂದುಕೊಂಡಿದ್ದರೆ ಅದು ತಪ್ಪು. ಎಂಜಿನ್ನಿನ ಲೋಹ, ಕೂಲಂಟ್, ರಬ್ಬರ್ ಮೂರೂ ಸೇರಿ ಒಳಗೇ ಸಣ್ಣದೊಂದು ಬ್ಯಾಟರಿಯಂತೆ ಕೆಲಸ ಮಾಡುತ್ತವೆ. ಅದರಿಂದ ರಬ್ಬರಿನ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಹುಟ್ಟಿ, ಮಧ್ಯದ ನೂಲಿನ ಪದರದವರೆಗೂ ಹೋಗುತ್ತದೆ. ಹೊರಗೆ ನೋಡಿದರೆ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಇಲ್ಲಿ ಕಣ್ಣಿಗಿಂತ ಬೆರಳನ್ನೇ ನಂಬಬೇಕು.

ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ. ಹೋಸಿನ ತುದಿಯನ್ನು ಬಿಗಿಹಿಡಿಯುವ ಕ್ಲ್ಯಾಂಪಿನಿಂದ ಎರಡು ಬೆರಳು ಆಚೆ ಹೋಸನ್ನು ಹೆಬ್ಬೆರಳು, ತೋರುಬೆರಳಲ್ಲಿ ಚಿವುಟಿ ನೋಡಿ. ಆಮೇಲೆ ಅದೇ ಹೋಸಿನ ನಡುಭಾಗ ಚಿವುಟಿ. ಎರಡೂ ಕಡೆ ಒಂದೇ ಥರ ಗಟ್ಟಿಯಾಗಿದ್ದರೆ ಸರಿ. ತುದಿ ಮೆತ್ತಗಿದ್ದು ನಡುಭಾಗ ಗಟ್ಟಿಯಿದ್ದರೆ ಒಳಗೆ ಬಿರುಕು ಬಿಟ್ಟಿದೆ ಅಂತಲೇ ತಿಳಿಯಿರಿ. ಚಿವುಟಿದಾಗ ಚರಚರ ಸದ್ದು ಬಂದರೂ ಅಷ್ಟೇ. ಆಯಿಲ್ ಸೋರಿ ಬಿದ್ದ ಜಾಗದಲ್ಲಿ ರಬ್ಬರ್ ಊದಿಕೊಂಡು ಜಿಗುಟಾಗಿರುತ್ತದೆ. ಅಲ್ಲಿ ಹೋಸ್ ಬದಲಾಯಿಸುವ ಮೊದಲು ಆಯಿಲ್ ಸೋರಿಕೆ ನಿಲ್ಲಿಸಿ, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ. ಕ್ಲ್ಯಾಂಪ್ ಸುತ್ತ ಬಿಳಿ ಅಥವಾ ಬಣ್ಣದ ಪುಡಿ ಕಟ್ಟಿದ್ದರೆ ಕೂಲಂಟ್ ಜಿನುಗಿ ಒಣಗಿದೆ ಅಂತ ಅರ್ಥ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಮುಂದಿನ ಸೀಟಿನ ಕೆಳಗೆ ಒದ್ದೆ ಮ್ಯಾಟ್ ಕಂಡರೆ ತೊಂದರೆ ಹೋಸಿನದಲ್ಲ, ಡ್ಯಾಶ್‌ಬೋರ್ಡ್ ಹಿಂದೆ ಕೂತು ಒಳಗಿನ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್, ಅಂದರೆ ಹೀಟರ್ ಕೋರಿನದೇ ಇರಬಹುದು.

ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಎರಡರ ವಯಸ್ಸೂ ಒಂದೇ ಅಲ್ವಾ? ಒಳಬಾಯಿಯ ಅಳತೆ ಸಾಮಾನ್ಯವಾಗಿ 16 ಅಥವಾ 19 ಮಿಲಿಮೀಟರ್ ಇರುತ್ತದೆ. ಕೆಲವು ಕಾರಲ್ಲಿ ಒಂದೊಂದು ಒಂದೊಂದು ಅಳತೆ. ಅದಕ್ಕೇ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ವಾಸಿ. ಬಾಗು ಇರುವ ಹೋಸಿನ ಜಾಗಕ್ಕೆ ನೇರ ಪೈಪ್ ತಂದು ಬಗ್ಗಿಸಬೇಡಿ, ಅದು ಮಡಚಿಕೊಂಡು ಹರಿವು ನಿಂತುಬಿಡುತ್ತದೆ. ಪ್ಲಾಸ್ಟಿಕ್ ಜಾಯಿಂಟ್ ಇದ್ದರೆ ಅದನ್ನೂ ಹೊಸದು ಹಾಕಿ. ಹಳೇ ಪ್ಲಾಸ್ಟಿಕ್ ಮುಟ್ಟಿದರೆ ಪುಡಿ.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಉಕ್ಕಿ ಮುಖಕ್ಕೇ ಹಾರುತ್ತದೆ. ತಣ್ಣಗಾದ ಮೇಲೆ ಬೇಸಿನ್ ಇಟ್ಟು ಇಳಿಸಿಕೊಳ್ಳಿ, ಇಳಿಸಿದ್ದನ್ನು ಕೂಡಲೇ ಮುಚ್ಚಿಡಿ. ಅದರ ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಸುಳಿಯಬಾರದು.

ಇನ್ನು ಹೋಸ್ ಬಿಚ್ಚುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕ್ಲ್ಯಾಂಪ್ ತೆಗೆದರೂ ಹೋಸ್ ಅಂಟಿಕೊಂಡಿರುತ್ತದೆ. ಜೋರು ಮಾಡಿ ಎಳೆದರೆ, ತಿರುಚಿದರೆ ಹೀಟರ್ ಕೋರಿನ ತೆಳು ಪೈಪ್ ಬಗ್ಗಿಹೋಗುತ್ತದೆ. ಆಮೇಲೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು. ಹಳೇ ಹೋಸ್ ಹೇಗೂ ಬಿಸಾಡುವುದು ತಾನೇ? ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆಯ ಹಾಗೆ ಬಿಡಿಸಿ ತೆಗೆಯಿರಿ. ಬ್ಲೇಡ್ ಒಳಗಿನ ಲೋಹಕ್ಕೆ ಗೀರಬಾರದು, ಗೀರಿದಲ್ಲೇ ಮುಂದೆ ಸೋರುತ್ತದೆ.

ಪೈಪಿನ ಬಾಯಿಗೆ ಅಂಟಿದ ಹಳೇ ರಬ್ಬರನ್ನು ನುಣುಪು ಸ್ಯಾಂಡ್ ಪೇಪರಿನಿಂದ ಉಜ್ಜಿ. ಹೊಸ ಹೋಸ್ ಸಲೀಸಾಗಿ ಏರಲು ಒಳಗೆ ಸ್ವಲ್ಪ ಕೂಲಂಟ್ ಸವರಿ. ಆಯಿಲ್, ಗ್ರೀಸ್ ಬೇಡ. ಕ್ಲ್ಯಾಂಪನ್ನು ಮರೆಯದೆ ಮೊದಲೇ ಹೋಸಿಗೆ ತೂರಿಸಿಕೊಳ್ಳಿ. ಅದು ಪೈಪಿನ ತುದಿಯ ಉಬ್ಬನ್ನು ದಾಟಿ ಕೂರಬೇಕು, ಉಬ್ಬಿನ ಮೇಲಲ್ಲ. ಸ್ಕ್ರೂ ಕ್ಲ್ಯಾಂಪನ್ನು ರಬ್ಬರ್ ಹಿಸುಕಿ ಹೊರಗೆ ಬರುವಷ್ಟು ಬಿಗಿಯುವುದು ಸುಮ್ನೆ ಹೋಸನ್ನು ಕತ್ತರಿಸಿದಂತೆ. ಕಾರಿನ ಜೊತೆ ಬಂದ ಸ್ಪ್ರಿಂಗ್ ಕ್ಲ್ಯಾಂಪ್ ಚೆನ್ನಾಗಿದ್ದರೆ ಅದನ್ನೇ ಹಾಕಿ. ರಬ್ಬರ್ ಕುಗ್ಗಿದಂತೆ ತಾನೂ ಬಿಗಿಯಾಗುತ್ತದೆ.

ಕೂಲಂಟ್ ಯಾವುದು ಅಂತ ಕಾರಿನ ಪುಸ್ತಕ ನೋಡಿ, ಬಣ್ಣ ನೋಡಿ ತರಬೇಡಿ. ಬೆರೆಸಲು ಡಿಸ್ಟಿಲ್ಡ್ ವಾಟರ್. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ. ತಣ್ಣನೆಯ ಎಂಜಿನ್ನನ್ನು ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಮುಖ ದೂರವಿಟ್ಟುಕೊಂಡು ನಿಧಾನಕ್ಕೆ ತುಂಬಿ. ಗುಳ್ಳೆ ನಿಂತು ಒಳಗೆ ಬಿಸಿ ಗಾಳಿ ಬಂದರೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಿದೆ, ಆಗ ಮುಚ್ಚಳ ಹಾಕಿ. ಗಾಳಿ ತೆಗೆಯುವ ಸ್ಕ್ರೂ ಬೇರೆ ಇರುವ ಕಾರಿಗೆ ಪುಸ್ತಕದಲ್ಲಿ ಹೇಳಿದ ಕ್ರಮವೇ ಸರಿ. ನಾಲ್ಕು ದಿನ ಓಡಿಸಿದ ಮೇಲೆ, ತಣ್ಣಗಿರುವಾಗ ಮಟ್ಟವನ್ನೂ ಕ್ಲ್ಯಾಂಪನ್ನೂ ಇನ್ನೊಮ್ಮೆ ನೋಡಿ.

ಸೀಳಿ ತೆಗೆದ ಹಳೇ ಹೋಸನ್ನು ಎಸೆಯುವ ಮುಂಚೆ ಒಳಮೈ ಬಗ್ಗಿಸಿ ನೋಡಿ. ಅಲ್ಲಿ ಉದ್ದುದ್ದ ಗೀಟು ಕಂಡರೆ, ಅದೇ ವಯಸ್ಸಿನ ರೇಡಿಯೇಟರ್ ಹೋಸುಗಳನ್ನೂ ಜೊತೆಗೇ ತಂದುಬಿಡಿ.