ನರ್ಸಮ್ಮನ ಹಾಗೆ ಮನೆ ನೋಡುವುದು ಹೇಗೆ?

ಕಲಬುರಗಿಯ ನರ್ಸಿಂಗ್ ಕಾಲೇಜುಗಳ ಹುಡುಗಿಯರು, ಹುಡುಗರು ಪೋಸ್ಟಿಂಗ್ (ಊರೊಳಗಿನ ತರಬೇತಿ) ಅಂತ ಓಣಿಗಳಿಗೆ, ಹಳ್ಳಿಗಳಿಗೆ ಬರುವುದನ್ನು ನೀವು ನೋಡಿರುತ್ತೀರಿ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಫೈಲು. ಮನೆಯೊಳಗೆ ಬಂದವರು ಮೊದಲು ಹಳೇ ಪೇಪರ್ ಹಾಸಿ ಅದರ ಮೇಲೆ ಚೀಲ ಇಡುತ್ತಾರೆ. ಕೈ ತೊಳೆಯುತ್ತಾರೆ. ಆಮೇಲೇ ಒಳಗಿನ ಸಾಮಾನು ಮುಟ್ಟುತ್ತಾರೆ. ನೋಡುವವರಿಗೆ ಇದೇನೋ ಶಾಸ್ತ್ರ ಅನಿಸಬಹುದು. ಒಂದು ಮನೆಯ ರೋಗ ಇನ್ನೊಂದು ಮನೆಗೆ ಹೋಗಬಾರದು ಅಂತ ಮಾಡಿದ ಪದ್ಧತಿ ಅದು.

ಆಮೇಲೆ ಪ್ರಶ್ನೆ: 'ಮನ್ಯಾಗ ಯಾರಿಗಾದ್ರೂ ಆರಾಮಿಲ್ಲೇನ್ರಿ?' ಉತ್ತರ ಸಾಮಾನ್ಯವಾಗಿ ಒಂದೇ: 'ಯಾರಿಗೂ ಏನಿಲ್ರಿ, ಎಲ್ಲಾರೂ ಆರಾಮ ಇದ್ದೀವಿ.' ಹಾಗೆ ಹೇಳುವಾಗಲೇ ಮೂಲೆಯಲ್ಲಿ ಕೂತ ಆಯಿ ಶುಗರ್ ಗುಳಿಗೆಯ ಡಬ್ಬಿ ಹುಡುಕುತ್ತಿರುತ್ತಾಳೆ. ಎರಡು ಕೊಡ ನೀರು ಹೊತ್ತು ತಂದರೆ ಸೊಸೆಗೆ ಎದೆ ಬಡಿದುಕೊಳ್ಳುತ್ತದೆ. ಮಗ ಗುಟ್ಕಾ ಅಗಿಯುತ್ತಾ ಬಾಗಿಲಲ್ಲಿ ನಿಂತಿರುತ್ತಾನೆ. ಇವರ್ಯಾರೂ ಸುಳ್ಳು ಹೇಳುತ್ತಿಲ್ಲ. ಹಾಸಿಗೆ ಹಿಡಿದರೆ ಮಾತ್ರ ರೋಗ ಅಂತ ನಾವು ಲೆಕ್ಕ ಹಾಕಿದ್ದೇವೆ, ಅಷ್ಟೇ. ನರ್ಸಿಂಗ್‌ನಲ್ಲಿ ಲೆಕ್ಕ ಬೇರೆ. ಅದನ್ನು ಮನೆಯವರೇ ಕಲಿಯಬಹುದು. ಒಂದು ಭಾನುವಾರ ಮುಂಜಾನೆ, ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು.

1. ಒಬ್ಬೊಬ್ಬರಿಗೆ ಒಂದೊಂದು ಪುಟ

ಮನೆಯ ಎಲ್ಲರ ಹೆಸರು ಬರೆಯಿರಿ. ಆರಾಮ ಇರುವವರದ್ದೂ ಬೇಕು. ಹೆಸರಿನ ಕೆಳಗೆ ಉದ್ದಕ್ಕೊಂದು ಗೆರೆ ಎಳೆಯಿರಿ. ಒಂದು ತುದಿಗೆ 'ಪೂರ್ತಿ ಆರೋಗ್ಯ', ಇನ್ನೊಂದು ತುದಿಗೆ 'ತೀರಾ ಕಾಯಿಲೆ'. ಆ ಮನುಷ್ಯ ಇವತ್ತು ಗೆರೆಯ ಮೇಲೆ ಎಲ್ಲಿದ್ದಾನೆ ಅಂತ ಒಂದು ಚುಕ್ಕಿ ಇಡಿ. ನರ್ಸಿಂಗ್ ಪುಸ್ತಕಗಳು ಆರೋಗ್ಯವನ್ನು ಹೀಗೇ ನೋಡುತ್ತವೆ. ಎರಡು ತುದಿಯ ನಡುವೆ ನಾವೆಲ್ಲ ದಿನಾ ಆ ಕಡೆ ಈ ಕಡೆ ಸರಿಯುತ್ತಿರುತ್ತೇವೆ. ರೋಗ ಇಲ್ಲದಿದ್ದರೆ ಸಾಲದು, ದೇಹ, ಮನಸ್ಸು, ಜನರ ಜೊತೆಗಿನ ಬದುಕು ಮೂರೂ ಚೆನ್ನಾಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಶುರುವಾದಾಗಲೇ ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು. ಆ ಅಳತೆಯಲ್ಲಿ ನೋಡಿದರೆ ಪೂರ್ತಿ ಆರೋಗ್ಯದ ತುದಿಯಲ್ಲಿ ನಿಲ್ಲುವವರು ಯಾರೂ ಸಿಗಲಿಕ್ಕಿಲ್ಲ. ಇರಲಿ ಬಿಡಿ. ಚುಕ್ಕಿ ಯಾವ ಕಡೆ ಸರಿಯುತ್ತಿದೆ ಅನ್ನುವುದು ಮುಖ್ಯ.

ಇಲ್ಲಿ ಒಂದು ಎಚ್ಚರಿಕೆ. ರೋಗ ಇರುವುದು ಬೇರೆ, ಹುಷಾರಿಲ್ಲ ಅನಿಸುವುದು ಬೇರೆ. ಬಿಪಿ ಏರಿದ ಎಷ್ಟೋ ಜನಕ್ಕೆ ತಲೆನೋವೂ ಇರುವುದಿಲ್ಲ. ಇನ್ನು ಕೆಲವರಿಗೆ ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. 'ಸುಮ್ನೆ ನಾಟಕ' ಅಂತ ಇವರನ್ನು ದಾಟಿ ಹೋಗಬೇಡಿ. ಇಬ್ಬರಿಗೂ ಪುಟ ಬೇಕು.

2. ನೀರಿನ ಹಿಂದೆ ಹೋಗಿ

ಮನೆಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೇ. ನಳದಿಂದ ಬಾಯಿಯ ತನಕ ನೀರು ಎಲ್ಲೆಲ್ಲಿ ನಿಲ್ಲುತ್ತದೆ, ಯಾರ ಕೈ ತಾಗುತ್ತದೆ ಅಂತ ನೋಡುತ್ತಾ ಹೋಗಿ.

ನಮ್ಮ ಕಡೆ ನಳ ದಿನಾ ಬರುವುದಿಲ್ಲ. ಬಂದ ದಿನ ಹಂಡೆ, ಕೊಡ, ಬ್ಯಾರಲ್, ಬಕೆಟ್ ಎಲ್ಲಾ ತುಂಬಿಡುತ್ತೇವೆ. ಮತ್ತೇನು ಮಾಡುವುದು? ಆದರೆ ಡೆಂಗಿ ತರುವ ಈಡಿಸ್ ಸೊಳ್ಳೆಗೆ ಗಟಾರ ಬೇಕಿಲ್ಲ. ಹೀಗೆ ತುಂಬಿಟ್ಟ ಸ್ವಚ್ಛ ನೀರೇ ಬೇಕು. ಬ್ಯಾರಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಸಣ್ಣ ಹುಳುಗಳು ತಲೆಕೆಳಗಾಗಿ ತೂಗಾಡುತ್ತಾ, ಬೆಳಕು ಬಿದ್ದ ಕೂಡಲೇ ಕೆಳಗೆ ಓಡಿದರೆ ಅವು ಸೊಳ್ಳೆಯ ಮರಿಗಳು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಅದಕ್ಕೇ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ಎಲ್ಲ ಪಾತ್ರೆ ಖಾಲಿ ಮಾಡಿ ಅನ್ನುವುದು. ಖಾಲಿ ಮಾಡಿ ಬೋರಲು ಹಾಕಿದರೆ ಕೆಲಸ ಅರ್ಧ ಮಾತ್ರ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕುತ್ತವೆ. ಮತ್ತೆ ನೀರು ಬಿದ್ದ ಕೂಡಲೇ ಒಡೆಯುತ್ತವೆ. ಹಾಗಾಗಿ ಬ್ರಷ್ ಹಾಕಿ ಒಳಗೋಡೆ ತಿಕ್ಕಬೇಕು. ಬಗ್ಗಿ ತಿಕ್ಕಲಾಗದ ದೊಡ್ಡ ಬ್ಯಾರಲ್‌ಗೆ ಹಳೇ ಧೋತ್ರದ ಬಟ್ಟೆ ಹೊದಿಸಿ ಹಗ್ಗ ಬಿಗಿಯಿರಿ. ಕೂಲರ್ ಮರೆಯಬೇಡಿ. ಬೇಸಿಗೆ ಮುಗಿದ ಮೇಲೆ ಅದನ್ನು ಬಂದ್ ಮಾಡಿ ಮೂಲೆಗೆ ತಳ್ಳುತ್ತೇವೆ, ಹೊಟ್ಟೆಯಲ್ಲಿ ನೀರು ಹಾಗೇ ಇರುತ್ತದೆ. ಮಳೆಗಾಲದ ಡೆಂಗಿಗೆ ಇದಕ್ಕಿಂತ ಒಳ್ಳೇ ಜಾಗ ಇನ್ನೊಂದಿಲ್ಲ.

ಕುಡಿಯುವ ನೀರಿಗೆ ಬನ್ನಿ. ಕೊಡದೊಳಗೆ ಲೋಟ ಅದ್ದುತ್ತೀರಾ? ಹಾಗಾದರೆ ಬೆರಳೂ ಅದ್ದಿದ ಹಾಗೆ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ, ಇಲ್ಲವೇ ನಲ್ಲಿ ಇರುವ ಪಾತ್ರೆ ತನ್ನಿ. ಆರ್‌ಒ ಘಟಕದಿಂದ ನಾಣ್ಯ ಹಾಕಿ ತಂದ ನೀರು ಸ್ವಚ್ಛವಿದ್ದರೂ ಕ್ಯಾನ್ ತೊಳೆದು ಎಷ್ಟು ದಿನವಾಯಿತು ಅಂತ ಮೂಸಿ ನೋಡಿ. ನೀರು ಕಾಯಿಸುವವರು ಕೊತಕೊತ ಕುದಿಸಿ, ಬೆಚ್ಚಗಾದರೆ ಸಾಲದು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟಿ ಕಂಡರೆ ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆ ಮಾಡಿಸಲು ಕೇಳಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರ್ ಕುಡಿಯಲು ಬೇಡ.

ಕೈ ತೊಳೆಯುವುದನ್ನು ಹೇಳಿಕೊಡಬೇಕಿಲ್ಲ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ದಾಖಲಾಯಿತು. ಆಗ ಎಷ್ಟೋ ಮನೆಗಳ ಬಾಗಿಲಲ್ಲಿ ಸಾಬೂನು, ಬಕೆಟ್ ಇದ್ದವು. ಈಗ ಎಲ್ಲಿವೆ?

3. ರೋಗ ಬರುವ ಮೊದಲಿನ ಕೆಲಸ

ನೋಟ್‌ಬುಕ್ಕಿನ ಪ್ರತಿ ಪುಟವನ್ನು ಮೂರು ಭಾಗ ಮಾಡಿ: ಇನ್ನೂ ಬಂದಿಲ್ಲ, ಗೊತ್ತಾಗದೆ ಬಂದಿರಬಹುದು, ಬಂದು ಕೂತಿದೆ. ರೋಗ ತಡೆಗಟ್ಟುವುದು ಅಂದರೆ ಮೊದಲನೆಯದ್ದು ಮಾತ್ರ ಅಂತ ಜನ ತಿಳಿದಿದ್ದಾರೆ. ನರ್ಸಿಂಗ್‌ನಲ್ಲಿ ಮೂರೂ ತಡೆಯೇ.

ಮೊದಲ ಭಾಗದಲ್ಲಿ ಮಕ್ಕಳ ಲಸಿಕೆ ಬರೆಯಿರಿ. ಹುಟ್ಟಿದಾಗ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, 9 ತಿಂಗಳಿಗೆ, ಒಂದೂವರೆ ವರ್ಷಕ್ಕೆ, 5 ವರ್ಷ ತುಂಬಿದ ಮೇಲೆ. ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. 10 ಮತ್ತು 16ನೇ ವರ್ಷಕ್ಕೆ ಟಿಡಿ, ಅಂದರೆ ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಲಸಿಕೆ ಇದೆ. ಗುಳೆ ಹೋಗುವವರಿಗೆ ಮುಖ್ಯವಾಗಿ ಹೇಳಬೇಕು: ಪುಣೆ, ಮುಂಬೈ, ಬೆಂಗಳೂರು ಎಲ್ಲಿಗೇ ಹೋಗಿ, ತಾಯಿ ಕಾರ್ಡ್ ಟ್ರಂಕಿನಲ್ಲಿ ಬಿಟ್ಟು ಹೋಗಬೇಡಿ. ಯಾವ ಊರಿನ ಸರ್ಕಾರಿ ದವಾಖಾನೆಯಲ್ಲಾದರೂ ಲಸಿಕೆ ಪುಕ್ಕಟೆ ಸಿಗುತ್ತದೆ. ಕಾರ್ಡ್ ಇದ್ದರೆ ಎಲ್ಲಿಗೆ ನಿಂತಿದೆ ಅಂತ ಅವರಿಗೂ ಗೊತ್ತಾಗುತ್ತದೆ.

ಝಳ ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಹೊಸದಲ್ಲ. ನರ್ಸ್‌ಗಳ ದಿನ ಬರುವುದೂ ಮೇ 12ಕ್ಕೆ, ಅಂಥ ಬಿಸಿಲಲ್ಲೇ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಔಷಧಿಯಷ್ಟೇ ಗಾಳಿ, ಬೆಳಕು, ಸ್ವಚ್ಛ ನೀರೂ ಮುಖ್ಯ ಅಂತ ಹಟ ಹಿಡಿದವಳು ಅವಳು. ಹೊಲದ ಕೆಲಸ ಮುಂಜಾನೆ ಬೇಗ ಮುಗಿಸಿ. ಬಾಯಾರುವ ತನಕ ಕಾಯದೆ ನೀರು, ಮಜ್ಜಿಗೆ, ಅಂಬಲಿ ಕುಡಿಯಿರಿ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಹೋಗುವವರು ಇನ್ನೂ ಇದ್ದಾರೆ. ಇಟ್ಟುಕೊಳ್ಳಲಿ, ಜೊತೆಗೆ ನೀರಿನ ಬಾಟ್ಲಿಯೂ ಇರಲಿ.

ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ ಓಆರ್‌ಎಸ್, ಅದರ ಎರಡು ಪ್ಯಾಕೆಟ್ ಮನೆಯಲ್ಲಿರಲಿ. ದವಾಖಾನೆಯಲ್ಲಿ ಕೊಡುವ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಪುಡಿ ಒಂದು ಲೋಟಕ್ಕೆ ಹಾಕಿ ಕಲಸಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ತೊಂದರೆ. ಕಲಸಿದ್ದು 24 ತಾಸಿನ ಮೇಲೆ ಚೆಲ್ಲಿ. ಭೇದಿ ನಿಂತರೂ ಮಕ್ಕಳಿಗೆ ಕೊಟ್ಟ ಜಿಂಕ್ ಗುಳಿಗೆ 14 ದಿನ ಮುಗಿಸಿ.

4. ಗೊತ್ತಾಗದೆ ಬಂದದ್ದನ್ನು ಹಿಡಿಯುವುದು

30 ವರ್ಷ ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಸರ್ಕಾರದ ಪಟ್ಟಿಯಲ್ಲಿದೆ. ಆಶಾ ಅಕ್ಕನನ್ನು ಕೇಳಿದರೆ ಯಾವ ದಿನ, ಎಲ್ಲಿ ಅಂತ ಹೇಳುತ್ತಾಳೆ.

ಬಿಪಿ ಮಷೀನ್ ಈಗ ಮನೆಮನೆಯಲ್ಲಿದೆ. ನೋಡುವ ರೀತಿ ಮಾತ್ರ ಸರಿ ಇಲ್ಲ. ಸಂತೆಯಿಂದ ನಡೆದು ಬಂದವರಿಗೆ ಬಂದ ಕೂಡಲೇ ಪಟ್ಟಿ ಕಟ್ಟಬೇಡಿ. ಅರ್ಧ ತಾಸಿನ ಮೊದಲು ಚಹಾ, ಬೀಡಿ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಸುಮ್ನೆ ಕೂರಲಿ. ಕಾಲ ಮೇಲೆ ಕಾಲು ಹಾಕದೆ ಪಾದ ನೆಲಕ್ಕೆ ಊರಿರಲಿ. ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಪಟ್ಟಿ ಅಂಗಿಯ ಮೇಲಲ್ಲ, ಬರೀ ತೋಳಿಗೆ. ಮಷೀನ್ ನಡೆಯುವಾಗ ಮಾತು ಬೇಡ. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡೂ ಬರೆಯಿರಿ. ಬೇರೆ ಬೇರೆ ದಿನವೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಡಾಕ್ಟರಿಗೆ ತೋರಿಸಿ. ಒಂದೇ ಸಲದ ನಂಬರ್ ನೋಡಿ ಅಳುವುದೂ ಬೇಡ, ಪಕ್ಕದ ಮನೆಯವರ ಗುಳಿಗೆ ನುಂಗುವುದೂ ಬೇಡ.

ಗುಟ್ಕಾ, ತಂಬಾಕು ತಿನ್ನುವವರ ಬಾಯಿಗೆ ಟಾರ್ಚ್ ಬಿಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ನಿಲ್ಲಿಸಲು ಆಗದಷ್ಟು ಬಿಗಿದ ಬಾಯಿ, ಯಾವುದು ಕಂಡರೂ ದವಾಖಾನೆ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ.

ಎದೆ ಬಡಿದುಕೊಳ್ಳುವ ಸೊಸೆಯ ಪುಟದಲ್ಲಿ 'ರಕ್ತ ನೋಡಿಸಬೇಕು' ಅಂತ ಬರೆಯಿರಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಗುಳಿಗೆ ಪುಕ್ಕಟೆ ಸಿಗುತ್ತದೆ, ಆದರೆ ಮುಂಜಾನೆ ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಚಹಾಕ್ಕೂ ಗುಳಿಗೆಗೂ ನಡುವೆ ಒಂದೆರಡು ತಾಸು ಬಿಡಿ. ನಿಂಬೆ ಹಿಂಡಿದ ನೀರಿನ ಜೊತೆ ತೆಗೆದುಕೊಂಡರೆ ಒಳ್ಳೇದು. ಮಲ ಕಪ್ಪಾಗುತ್ತದೆ ಅಂತ ಎಷ್ಟೋ ಜನ ಹೆದರಿ ಬಿಟ್ಟುಬಿಡುತ್ತಾರೆ. ಅದು ಗುಳಿಗೆಯ ಬಣ್ಣ, ಹೆದರಬೇಕಿಲ್ಲ.

5. ಬಂದು ಕೂತ ರೋಗ

ಈಗ ಆಯಿಯ ಪುಟ. ಡಾಕ್ಟರ್ ಚೀಟಿಯಲ್ಲಿ ಬರೆಯುವುದು 'ಡಯಾಬಿಟಿಸ್'. ಅದೇ ಆಯಿಯ ಬಗ್ಗೆ ನರ್ಸ್ ಬರೆಯುವುದು 'ಪಾದಕ್ಕೆ ಮುಟ್ಟಿದ್ದು ಗೊತ್ತಾಗುವುದಿಲ್ಲ, ಗಾಯವಾಗುವ ಅಪಾಯ ಇದೆ'. ಒಬ್ಬರು ರೋಗದ ಹೆಸರು ಹಿಡಿದರೆ ಇನ್ನೊಬ್ಬರು ಆ ರೋಗದ ಜೊತೆ ಈ ಮನುಷ್ಯಳ ದಿನ ಹೇಗೆ ಸಾಗುತ್ತದೆ ಅಂತ ನೋಡುತ್ತಾರೆ. ಮನೆಯವರಿಗೆ ಕೆಲಸಕ್ಕೆ ಬರುವುದು ಎರಡನೆಯದ್ದು.

ನಮ್ಮ ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು. ಮಧ್ಯಾಹ್ನ ಎರಡಕ್ಕೆ ಅದು ಹಂಚಿನ ಹಾಗೆ ಕಾದಿರುತ್ತದೆ. ನಾವಾದರೆ ಕಾಲಿಟ್ಟ ಕೂಡಲೇ ಹಾರುತ್ತೇವೆ. ಆಯಿ ಬರಿಗಾಲಲ್ಲಿ ಹಪ್ಪಳ ತಿರುವಿ ಹಾಕಿ ನಿಧಾನಕ್ಕೆ ಒಳಗೆ ಬರುತ್ತಾಳೆ. ಸಂಜೆ ಅಂಗಾಲಲ್ಲಿ ಬೊಬ್ಬೆ. ಹಾಗಾಗಿ ಮನೆಯೊಳಗೂ ಚಪ್ಪಲಿ. ದಿನಾ ಸಂಜೆ ಯಾರಾದರೂ ಒಬ್ಬರು ಆಯಿಯ ಅಂಗಾಲು, ಬೆರಳ ಸಂದಿ ನೋಡಿ. ಹಿಮ್ಮಡಿಯ ಬಿರುಕು, ಕೆಂಪು, ಗುಳ್ಳೆ ಕಂಡರೆ ಬರೆಯಿರಿ. ಸ್ನಾನದ ನೀರಿನ ಬಿಸಿಯನ್ನು ಬೇರೆಯವರು ಮೊಣಕೈಯಿಂದ ಮುಟ್ಟಿ ನೋಡಲಿ. ಬೆರಳ ಸಂದಿ ಒರೆಸಿ ಒಣಗಿಸಿ. ಗಾಯವಾದರೆ ಅರಿಶಿನ, ಸುಣ್ಣ ಮೆತ್ತಿ ಕೂರಬೇಡಿ. ಸಣ್ಣದಿರುವಾಗಲೇ ತೋರಿಸಿದರೆ ಕಾಲು ಉಳಿಯುತ್ತದೆ.

ಲಕ್ವಾ ಹೊಡೆದು ಮಲಗಿದ ಮುತ್ಯಾ ಇದ್ದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಸೊಂಟದ ಕೆಳಗೆ, ಹಿಮ್ಮಡಿಗೆ ಕೆಂಪು ಕಂಡರೆ ಅಲ್ಲಿ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಟಿಬಿ ಇದ್ದವರು ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತಿತು ಅಂತ ಗುಳಿಗೆ ಬಿಡುತ್ತಾರೆ. ಸಾಮಾನ್ಯ ಟಿಬಿಗೂ 6 ತಿಂಗಳು ಬೇಕು. ಗುಳೆ ಹೋಗುವುದಿದ್ದರೆ ಮೊದಲೇ ದವಾಖಾನೆಯಲ್ಲಿ ಹೇಳಿ, ಹೋದ ಊರಿನಲ್ಲಿ ಗುಳಿಗೆ ಸಿಗುವ ಹಾಗೆ ಮಾಡಿಕೊಡುತ್ತಾರೆ.

6. ಮತ್ತೆ ನೋಡುವುದು

ನೋಡು, ತೊಂದರೆ ಗುರುತಿಸು, ಯೋಜನೆ ಹಾಕು, ಮಾಡು, ಮತ್ತೆ ನೋಡು. ನರ್ಸ್‌ಗಳ ಕೆಲಸದ ಐದು ಹೆಜ್ಜೆ ಇವು. ನಾವು ನಾಲ್ಕಕ್ಕೇ ನಿಲ್ಲುತ್ತೇವೆ. ಗುಳಿಗೆ ತಂದೆವು, ಮುಗಿಯಿತು. 30 ಗುಳಿಗೆಯ ಚೀಟಿಗೆ 20ನೇ ದಿನ ಡಬ್ಬಿಯಲ್ಲಿ ಎಷ್ಟು ಉಳಿದಿರಬೇಕು? 10. ಆಯಿಯ ಡಬ್ಬಿಯಲ್ಲಿ 18 ಇದ್ದರೆ ಬೈಯಬೇಡಿ, ಕೇಳಿ. ಖಾಲಿ ಹೊಟ್ಟೆಗೆ ನುಂಗಿ ತಲೆ ತಿರುಗಿರಬಹುದು. ಅಕ್ಷರ ಕಾಣದಿರಬಹುದು. ದುಡ್ಡು ಉಳಿಸಲು ದಿನ ಬಿಟ್ಟು ದಿನ ನುಂಗುತ್ತಿರಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ತಿಂಗಳಿಗೊಮ್ಮೆ ಎಲ್ಲರ ಚುಕ್ಕಿ ಹೊಸದಾಗಿ ಇಡಿ.

7. ನೋಟ್‌ಬುಕ್ ಮುಚ್ಚಿ ಓಡಬೇಕಾದಾಗ

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ. ಎದೆ ಹಿಂಡಿ ಬೆವರಿದರೆ. ಮಗು ಹಾಲು, ನೀರು ಕುಡಿಯದೆ ಮಂಕಾದರೆ, ಫಿಟ್ಸ್ ಬಂದರೆ. ಗರ್ಭಿಣಿಗೆ ರಕ್ತ ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ. ಝಳ ಬಡಿದು ಮೈ ಕೆಂಡವಾಗಿ ಏನೇನೋ ಮಾತಾಡಿದರೆ. ಝಳ ಬಡಿದವರಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ತಂದು, ಮೈ ತೋಯಿಸಿ, ಗಾಳಿ ಬೀಸಿ. ಆ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಊರು, ತಾಲ್ಲೂಕು, ಹತ್ತಿರದ ಗುಡಿಯೋ ಶಾಲೆಯೋ ಇದ್ದರೆ ಅದನ್ನೂ ಹೇಳಿ. ಒಬ್ಬರು ಹೋಗಿ ರಸ್ತೆಗೆ ನಿಲ್ಲಿ. ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಡಬ್ಬಿ ಸಮೇತ ಆಂಬುಲೆನ್ಸ್‌ಗೆ ಹಾಕಿ. ಡಾಕ್ಟರ್ 'ಯಾವ ಔಷಧಿ ನಡೀತಿದೆ?' ಅಂದಾಗ 'ಬಿಳೀದು ಒಂದು, ಹಳದೀದು ಒಂದು' ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.