ಒಂದೇ ಸೂರು, ಎರಡು ಬಾಗಿಲು

ಮಾನವ ಹಕ್ಕುಗಳ ಆಯೋಗದ ಹೊಣೆ ಹೊತ್ತಾಗ ನ್ಯಾಯಮಂಡಳಿಯ ಆಡಳಿತವೂ ನನ್ನ ತಲೆಗೇ ಬಂತು. ಬಜೆಟ್ ಒಂದೇ, ಕಟ್ಟಡ ಒಂದೇ, ಕೆಲಸ ಮಾತ್ರ ಬೇರೆ. ಆಯೋಗ ದೂರು ತೆಗೆದುಕೊಂಡು ತನಿಖೆ ಮಾಡುತ್ತದೆ, ರಾಜಿಗೆ ಪ್ರಯತ್ನಿಸುತ್ತದೆ. ಆಗದಿದ್ದರೆ ಫೈಲು ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿ ಆಯೋಗದ ವಕೀಲರೂ ಒಂದು ಪಕ್ಷವಾಗಿ ವಾದ ಮಾಡುತ್ತಾರೆ. ಅಂದರೆ ನಮ್ಮವರು ವಾದಿಸುವುದು ನಮ್ಮದೇ ಸೂರಿನಡಿ ಕೂತ ತೀರ್ಪುಗಾರರ ಮುಂದೆ. ಎದುರು ಪಕ್ಷದವರಿಗೆ ಅನುಮಾನ ಬರದೆ ಇರುತ್ತದಾ?

ಮೊದಲ ತಿಂಗಳುಗಳಲ್ಲಿ ನನಗಿದು ತಲೆಗೆ ಹೋಗಿರಲಿಲ್ಲ. ಒಂದು ದಿನ ಮಂಡಳಿಯ ಸದಸ್ಯರೊಬ್ಬರು ಕಾರಿಡಾರಿನಲ್ಲಿ ಸಿಕ್ಕರು. "ಆ ವೀಲ್‌ಚೇರ್ ಕೇಸು ಎಲ್ಲಿಗೆ ಬಂತು?" ಎಂದು ಸುಮ್ನೆ ಕೇಳಿಬಿಟ್ಟೆ. ಎದುರು ಪಕ್ಷದ ವಕೀಲರು ನಮ್ಮ ಹಿಂದೆಯೇ ಬರುತ್ತಿದ್ದರು. ಮರುದಿನವೇ ಅರ್ಜಿ ಬಂತು, ಈ ಸದಸ್ಯರು ಕೇಸು ಕೇಳಬಾರದು ಅಂತ. ಅವರು ಹಿಂದೆ ಸರಿದರು. ವಿಚಾರಣೆ ಮೊದಲಿಂದ ಶುರುವಾಯಿತು. ದೂರು ಕೊಟ್ಟಿದ್ದ ಹೆಂಗಸು ತನ್ನ ಕಷ್ಟವನ್ನೆಲ್ಲ ಎರಡನೇ ಸಲ ಹೇಳಬೇಕಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆಮೇಲೆ ಗೋಡೆ ಕಟ್ಟಲು ಹೊರಟೆ. ಮಂಡಳಿಯ ಹಣವನ್ನು ವರ್ಷದ ಮೊದಲಲ್ಲೇ ಪ್ರತ್ಯೇಕಿಸಿ, ನಡುವೆ ಕೈಹಾಕುವ ಅಧಿಕಾರವನ್ನು ನಾನೇ ಬಿಟ್ಟುಕೊಟ್ಟೆ. ಯಾವ ಕೇಸು ಯಾರು ಕೇಳಬೇಕು ಎಂಬುದು ಮಂಡಳಿಯ ಮುಖ್ಯಸ್ಥರ ಮಾತು. ದಿನಾಂಕಕ್ಕೆ ರಿಜಿಸ್ಟ್ರಾರ್. ಪ್ರಿಂಟರ್ ಕೂಡ ಬೇರೆ ಮಾಡಿದೆವು. ನಗಬೇಡಿ, ಆಯೋಗದ ವಾದದ ಕರಡು ಒಮ್ಮೆ ಮಂಡಳಿಯವರ ಪ್ರಿಂಟರ್ ಟ್ರೇಯಲ್ಲಿ ಸಿಕ್ಕಿತ್ತು.

ಕೆನಡಾದಲ್ಲಿ ಬೆಲ್ ಕೆನಡಾ ಎಂಬ ಟೆಲಿಫೋನ್ ಕಂಪನಿ ಇದೇ ಬಗೆಯ ತಕರಾರು ಎತ್ತಿತ್ತು. ಆಯೋಗ ಹೊರಡಿಸುವ ಮಾರ್ಗಸೂಚಿಗೆ ನ್ಯಾಯಮಂಡಳಿ ಬದ್ಧವಾಗಿದ್ದರೆ ಅದು ಸ್ವತಂತ್ರ ಹೇಗಾಗುತ್ತದೆ ಎಂಬುದು ಪ್ರಶ್ನೆ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಆದರೆ ಕೋರ್ಟ್ ಸರಿ ಅಂದ ಮಾತ್ರಕ್ಕೆ ಎದುರು ಕೂತವರಿಗೆ ನಂಬಿಕೆ ಬಂದುಬಿಡುತ್ತದಾ? ವಿಶ್ವಸಂಸ್ಥೆ 1993ರಲ್ಲಿ ಒಪ್ಪಿದ, ಮಾನವ ಹಕ್ಕು ಸಂಸ್ಥೆಗಳು ಹೇಗಿರಬೇಕು ಎಂದು ಹೇಳುವ ಪ್ಯಾರಿಸ್ ತತ್ವಗಳ ಒತ್ತು ಜಾಸ್ತಿ ಇರುವುದು ಸರ್ಕಾರದಿಂದ ದೂರ ಇರುವುದರ ಮೇಲೆ. ಮನೆಯೊಳಗಿನ ಗೋಡೆಯನ್ನು ನಾವೇ ಕಟ್ಟಿಕೊಳ್ಳಬೇಕು.

ಇನ್ನೊಂದು ತಲೆನೋವು ವಿಳಂಬ. ಇದರಲ್ಲೂ ಕೆನಡಾದ್ದೇ ಒಂದು ಕೇಸು ನನ್ನನ್ನು ಹೆದರಿಸಿತ್ತು, 2000ದ ಬ್ಲೆಂಕೋ ಕೇಸು. ಸಚಿವರಾಗಿದ್ದ ಬ್ಲೆಂಕೋ ಎಂಬುವರ ಮೇಲಿನ ದೂರು ವಿಚಾರಣೆಗೆ ಬರುವಷ್ಟರಲ್ಲಿ ಸುಮಾರು 30 ತಿಂಗಳು ಕಳೆದಿತ್ತು. ಸುಪ್ರೀಂ ಕೋರ್ಟ್ ದೂರನ್ನು ವಜಾ ಮಾಡಲಿಲ್ಲ, ಕೇಸು ಗೆದ್ದದ್ದು ಆಯೋಗವೇ. ಆದರೂ ತಡ ಮಾಡಿದ್ದಕ್ಕೆ ಬ್ಲೆಂಕೋ ಅವರ ಕೋರ್ಟ್ ಖರ್ಚು ನೀವೇ ಕೊಡಿ ಎಂದಿತು. ಗೆದ್ದು ದಂಡ ಕಟ್ಟಿದ ಹಾಗೆ.

ನಾವು ಎಲ್ಲಕ್ಕಿಂತ ಹಳೆಯ ಫೈಲುಗಳಿಂದ ಶುರು ಮಾಡಿದೆವು. ದೂರುದಾರರಿಗೆ ನೇರ ಫೋನ್ ಮಾಡಿ "ಈಗ ನಿಮಗೆ ಏನಾಗಬೇಕು?" ಎಂದು ಕೇಳಿದೆವು. ಕೆಲವರು ಕೇಳಿದ್ದು ಒಂದು ಕ್ಷಮೆ ಪತ್ರ. ಕೆಲವರಿಗೆ ಬೇಕಿದ್ದದ್ದು ಆ ನಿಯಮ ಬದಲಾಗುವುದು, ಮುಂದಿನವರಿಗಾದರೂ. ಇದನ್ನು ಮೊದಲೇ ಕೇಳಬಹುದಿತ್ತು. ಹಾಗಾಗಿ ರಾಜಿ ಮಾತುಕತೆಯನ್ನು ತನಿಖೆಗಿಂತ ಮುಂಚೆಗೆ ತಂದೆವು. ರಾಜಿ ಮಾಡಿಸುವವರೇ ಬೇರೆ, ತನಿಖೆಯವರೇ ಬೇರೆ. ಅಲ್ಲಿ ಆಡಿದ ಮಾತು ಫೈಲಿಗೆ ಹೋಗುವುದಿಲ್ಲ. ಹೋದರೆ ಯಾರೂ ಬಾಯಿ ಬಿಡುವುದಿಲ್ಲ.

ವೀಲ್‌ಚೇರ್ ಕೇಸಿನ ಆದೇಶವನ್ನು ನಾನು ಓದಿದ್ದು ಪ್ರಕಟವಾದ ಮೇಲೆ, ಎಲ್ಲರ ಜೊತೆಗೆ. ನಮ್ಮ ವಕೀಲರು ಕೇಳಿದ್ದರಲ್ಲಿ ಅರ್ಧ ಸಿಕ್ಕಿರಲಿಲ್ಲ. "ಮೇಲ್ಮನವಿ ಹಾಕೋಣವೇ ಸಾರ್?" ಎಂದರು. ದೂರು ಕೊಟ್ಟಾಕೆಯನ್ನು ಕೇಳಿ ಎಂದೆ. ಆಕೆ ಬೇಡ ಎಂದರು. ರ‍್ಯಾಂಪ್ ಎದುರು ಪಕ್ಷದವರು ಆಗಲೇ ಕಟ್ಟಿಸಿದ್ದರಂತೆ.