ತಟ್ಟೆ ಇಡ್ಲಿ, ಟೈಮ್‌ಔಟ್ ಮತ್ತು ನನ್ನ ಕಾಂಪ್ರಿಹೆನ್ಸಿವ್ ವೈವಾ

ತುಮಕೂರಿನಲ್ಲಿ ಪಾಠ ಮಾಡುತ್ತಲೇ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿದ್ದೆ. ಕೋರ್ಸ್‌ವರ್ಕ್ ಆದ ಮೇಲೆ ಕಾಂಪ್ರಿಹೆನ್ಸಿವ್ ವೈವಾ, ಅಂದರೆ ಇಡೀ ವಿಷಯದ ಮೇಲೆ ಮೌಖಿಕ ಪರೀಕ್ಷೆ. ವಿಷಯ ಕಂಪ್ಯೂಟರ್ ನೆಟ್‌ವರ್ಕ್ಸ್. ಎಂಟು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದವನಿಗೆ ಏನು ಮಹಾ ಕಷ್ಟ ಅಂದುಕೊಂಡಿದ್ದೆ. ಒಂದು ದಿನ ಗೈಡ್ ಸುಮ್ನೆ ಕೇಳಿದರು: "ಟಿಸಿಪಿ ಎಷ್ಟು ಹೊತ್ತು ಕಾದು ಪ್ಯಾಕೆಟ್ ಮತ್ತೆ ಕಳಿಸುತ್ತೆ? ಆ ಲೆಕ್ಕ ಎಲ್ಲಿಂದ ಬರುತ್ತೆ?" ಟಿಸಿಪಿ ಅಂದರೆ ಡೇಟಾವನ್ನು ಪ್ಯಾಕೆಟ್ ಅನ್ನುವ ಚಿಕ್ಕ ತುಂಡುಗಳಲ್ಲಿ ಕಳಿಸಿ, ತಲುಪಿತು ಅಂತ ಉತ್ತರ ಬರದಿದ್ದರೆ ಮತ್ತೆ ಕಳಿಸುವ ವ್ಯವಸ್ಥೆ. ನೆಟ್‌ವರ್ಕಿನ ಏಳು ಲೇಯರ್‌ಗಳ ಹೆಸರು ನಿದ್ದೆಯಲ್ಲೂ ಹೇಳುತ್ತಿದ್ದವನಿಗೆ ಮಾತೇ ಬರಲಿಲ್ಲ.

ಆಮೇಲೆ ಸಿಲಬಸ್ ಪೂರ್ತಿ ಓದುವ ಆಸೆ ಬಿಟ್ಟೆ. ಅಡ್ರೆಸಿಂಗ್ (ವಿಳಾಸ), ರೂಟಿಂಗ್ (ದಾರಿ ಹುಡುಕುವುದು), ಕಂಜೆಷನ್ (ದಟ್ಟಣೆ), ಈ ಮೂರನ್ನೇ ಹಿಡಿದೆ. ಓದಿದ್ದೆಲ್ಲ ಜಾಸ್ತಿ ಯಶವಂತಪುರದ ಪ್ಯಾಸೆಂಜರ್ ರೈಲಿನಲ್ಲೇ. ಹಿರೇಹಳ್ಳಿ ದಾಟುವ ಹೊತ್ತಿಗೆ ನೋಟ್‌ಬುಕ್ ತೆಗೆದರೆ ಚಿಕ್ಕಬಾಣಾವರದವರೆಗೆ ಕೆಲಸ ಆಗುತ್ತಿತ್ತು.

ನೆಟ್‌ವರ್ಕ್ ಸಂಶೋಧಕ ವ್ಯಾನ್ ಜೇಕಬ್‌ಸನ್ ಕಂಜೆಷನ್ ಬಗ್ಗೆ 1988ರಲ್ಲಿ ಬರೆದ ಪೇಪರ್ ಓದಿದ್ದು ಅಲ್ಲೇ. 1986ರ ಅಕ್ಟೋಬರ್‌ನಲ್ಲಿ ಬರ್ಕ್‌ಲಿಯಲ್ಲಿ 400 ಗಜ ದೂರದ ಎರಡು ಜಾಗಗಳ ನಡುವೆ ಡೇಟಾ ಹರಿಯುವ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತಂತೆ. ನಲವತ್ತು! ಯಾಕೆ ಅಂತ ತಲೆಗೆ ಹತ್ತಲಿಲ್ಲ.

ಹತ್ತಿದ್ದು ಒಂದು ಭಾನುವಾರ, ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿಗೆ ಹೋಗಿದ್ದೆವು, ವಿಪರೀತ ರಶ್. ಪಕ್ಕದ ಟೇಬಲ್ಲಿನವರು ಇಡ್ಲಿ ಬರಲಿಲ್ಲ ಅಂತ ಇನ್ನೊಬ್ಬ ಸಪ್ಲೈಯರ್‌ಗೂ ಅದೇ ಆರ್ಡರ್ ಕೊಟ್ಟರು. ಅವರನ್ನು ನೋಡಿ ಇನ್ನೊಬ್ಬರು. ಅಡುಗೆಮನೆಯಲ್ಲಿ ಒಂದೇ ಆರ್ಡರ್ ಎರಡೆರಡು ಸಲ. ಎಲ್ಲರಿಗೂ ಇನ್ನಷ್ಟು ತಡ. ಪ್ಯಾಕೆಟ್ ಕಳೆದೇ ಹೋಗಿಲ್ಲ, ಬರೀ ತಡವಾಗಿದೆ, ಆದರೂ ಮತ್ತೆ ಮತ್ತೆ ಕಳಿಸಿದರೆ ಆಗುವುದೂ ಇದೇ ಅಲ್ವಾ? ಹೆಂಡತಿಗೆ ವಿವರಿಸಿದೆ. "ಸರಿ ರೀ, ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಗೆ ಗೊತ್ತಾಗುತ್ತೆ?" ಅಂದಳು. ಗೈಡ್ ಕೇಳಿದ್ದೂ ಇದನ್ನೇ!

ಮನೆಗೆ ಬಂದು ಲೆಕ್ಕ ಹಾಕಿದೆ. ಸರಾಸರಿ ಆರ್‌ಟಿಟಿ (ಪ್ಯಾಕೆಟ್ ಹೋಗಿ ಉತ್ತರ ಬರುವ ಹೊತ್ತು) 100 ಮಿಲಿಸೆಕೆಂಡ್, ಏರಿಳಿತ 10. ಸರಾಸರಿಗೆ ಏರಿಳಿತದ ನಾಲ್ಕರಷ್ಟು ಸೇರಿಸಿದರೆ ಟೈಮ್‌ಔಟ್, ಅಂದರೆ ಮತ್ತೆ ಕಳಿಸುವ ಮುಂಚೆ ಕಾಯುವ ಹೊತ್ತು, 140. ಈಗ ಒಂದು ಉತ್ತರ 180ಕ್ಕೆ ಬಂತು, ಆ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು ಅನ್ನಿ. ಮೊದಲು ಏರಿಳಿತ: ಹಳೆಯದರ ಮುಕ್ಕಾಲು, ಹೊಸ ವ್ಯತ್ಯಾಸ 80ರ ಕಾಲು, ಒಟ್ಟು 27.5. ಆಮೇಲೆ ಸರಾಸರಿ: ಹಳೆಯದರ ಎಂಟರಲ್ಲಿ ಏಳು ಪಾಲು, ಹೊಸದರ ಒಂದು ಪಾಲು, ಒಟ್ಟು 110. ಟೈಮ್‌ಔಟ್ 220ಕ್ಕೆ ಜಿಗಿಯಿತು. ಸರಾಸರಿ ಬರೀ 10 ಏರಿದೆ, ಕಾಯುವ ಹೊತ್ತು 80 ಏರಿದೆ. ಏರಿಳಿತಕ್ಕೆ ಇಷ್ಟು ಬೆಲೆ ಯಾಕೆ ಅಂತ ಕೈಯಲ್ಲಿ ಮಾಡಿದ ಮೇಲೇ ಗೊತ್ತಾಗಿದ್ದು. ಎರಡು ಹೆಜ್ಜೆಯ ಕ್ರಮ ತಪ್ಪಿಸಿ ಮೂರು ಸಲ ತಪ್ಪು ಉತ್ತರ ಬಂತು, ಅದು ಬೇರೆ ಮಾತು.

ರೂಟಿಂಗ್‌ಗೆ ಇಷ್ಟು ಒದ್ದಾಡಲಿಲ್ಲ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದಿಂದ ಹೊರಟ ಒಂದು /24 ಘೋಷಣೆ (ಈ ವಿಳಾಸಗಳಿಗೆ ದಾರಿ ನಮ್ಮ ಕಡೆ ಅಂತ ಸಾರುವುದು) ಯೂಟ್ಯೂಬ್‌ನ /22 ಅನ್ನು ಮೀರಿಸಿ ಟ್ರಾಫಿಕ್ಕನ್ನೇ ಎಳೆದುಕೊಂಡ ಕಥೆ ಸಾಕಾಯಿತು. ಉದ್ದದ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ; /24 ಅಂದರೆ ಮೊದಲ 24 ಬಿಟ್) ಗೆಲ್ಲುತ್ತದೆ ಅನ್ನುವುದು ಆಮೇಲೆ ಮರೆಯಲಿಲ್ಲ.

ವೈವಾದಲ್ಲಿ ಟೈಮ್‌ಔಟ್ ಪ್ರಶ್ನೆ ಬಂದೇ ಬಂತು. ಬೋರ್ಡಿನ ಮೇಲೆ 220 ಬರೆದು ಜಂಬದಿಂದ ತಿರುಗಿದೆ. "ಆರ್‌ಎಫ್‌ಸಿ 6298 ಪ್ರಕಾರ ಕನಿಷ್ಠ ಎಷ್ಟಿರಬೇಕು?" ಅಂದರು ಪರೀಕ್ಷಕರು. ಈ ಟೈಮ್‌ಔಟ್ ಲೆಕ್ಕದ ನಿಯಮ ಬರೆದಿರುವ ದಾಖಲೆ ಅದು. ಗೊತ್ತಿರಲಿಲ್ಲ. 1 ಸೆಕೆಂಡ್, ಅಂದರೆ 1000 ಮಿಲಿಸೆಕೆಂಡ್ ಅಂತ ಅವರೇ ಹೇಳಿದರು. ಪಾಸಾದೆ ಬಿಡಿ. ಆದರೂ ಮನಸ್ಸು ಕೇಳದೆ ರಾತ್ರಿ ಹುಡುಕಿದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆ 1 ಸೆಕೆಂಡನ್ನು ಪಾಲಿಸುವುದೇ ಇಲ್ಲ, ಅದರ ಕನಿಷ್ಠ ಮಿತಿ 200 ಮಿಲಿಸೆಕೆಂಡ್. ಬೆಳಿಗ್ಗೆಯೇ ಗೊತ್ತಿದ್ದಿದ್ದರೆ ಒಂದು ಮಾತು ಹೇಳಬಹುದಿತ್ತು.